ಪಕ್ಕದಲ್ಲಿ ಕುಳಿತವರು

ಸಂಗೀತ ಕಚೇರಿಗೆ ಹೋಗಿಬಂದವರನ್ನು ‘ನಿನ್ನೆ ಯಾರ ಗಾಯನವಿತ್ತು?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ‘ಪೇಟಿ ಯಾರು ಬಾರಿಸಿದರು? ತಬಲಾ ಯಾರದಿತ್ತು?’ ಎಂದು ಕೇಳುವವರು ವಿರಳ. ಕೇಳಿದರೂ ಉತ್ತರ ಹೇಳಬಲ್ಲವರು ಇನ್ನೂ ವಿರಳ. ಮೂರು ತಾಸು ಕಣ್ಣೆದುರಿಗೆ ಕುಳಿತು ಬೆವರು ಸುರಿಸಿ ದುಡಿದ ಇಬ್ಬರ ಹೆಸರನ್ನು ಮಾರನೆಯ ದಿನ ಸಭೆಗೆ ಸಭೆಯೇ ಮರೆತಿರುತ್ತದೆ. ಈ ಮರೆವಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಇತರರನ್ನು ದೂರುವುದು ನನ್ನ ಉದ್ದೇಶವಲ್ಲ. ಈ ಅಪರಾಧದಲ್ಲಿ ನನ್ನ ಪಾಲೂ ಇದೆಯೆಂಬುದು ವಾಚಕರಿಗೆ ಮುಂದೆ ತಿಳಿದೀತು.

ನಮ್ಮ ಹಳಿಯಾಳ ಧಾರವಾಡದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಜಿಲ್ಲೆಯ ಲೆಕ್ಕದಲ್ಲಿ ಉತ್ತರ ಕನ್ನಡಕ್ಕೆ ಸೇರಿದವರಾದರೂ ಕಿವಿಯ ಲೆಕ್ಕದಲ್ಲಿ ನಾವು ಧಾರವಾಡದವರೇ. ಕುಂದಗೋಳದ ಸವಾಯಿ ಗಂಧರ್ವರು, ಮನಸೂರಿನ ಮಲ್ಲಿಕಾರ್ಜುನರು, ಹುಬ್ಬಳ್ಳಿಯ ಗಂಗೂಬಾಯಿಯವರು, ರೋಣದಲ್ಲಿ ಹುಟ್ಟಿದ ಭೀಮಸೇನರು ಇವರ ಹೆಸರುಗಳನ್ನು ಕೇಳುತ್ತಲೇ ನಮ್ಮ ಕಡೆಯ ಮಕ್ಕಳು ಬೆಳೆಯುತ್ತಾರೆ. ಊರು ಕುಸ್ತಿಗೆ ಹೆಸರಾದದ್ದು. ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಮಾತುಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಇಂಥ ಊರಿನಲ್ಲಿ ಪೇಟಿ ಬಾರಿಸಿ ಸಂಸಾರ ನಡೆಸಿದವರು ನನ್ನ ಸೋದರಮಾವ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿಯೆಂದೇ ಹೆಸರು. ಬಾರಿಸುವವರು ಪೇಟಿ ಮಾಸ್ತರರು. ಮಾಮಾನಿಗೆ ಈಗ ಎಪ್ಪತ್ತನಾಲ್ಕು ವರ್ಷ. ನಾಟಕ ಕಂಪನಿಯೊಂದರ ಪೇಟಿ ಮಾಸ್ತರರ ಬಳಿ ಹುಡುಗನಾಗಿದ್ದಾಗ ಕಲಿತರು. ಐವತ್ತು ವರ್ಷ ಬಾರಿಸಿದರು. ಅವರು ಎಂದೂ ಒಂಟಿಯಾಗಿ ಕಚೇರಿ ಮಾಡಿದವರಲ್ಲ. ಯಾವಾಗಲೂ ಮತ್ತೊಬ್ಬರ ಪಕ್ಕದಲ್ಲಿ ಕುಳಿತವರು. ‘ಸಾಥ್ ಮಾಡುವುದು’ ಎಂಬ ಮಾತಿನಲ್ಲಿ ಅವರ ಇಡೀ ಉದ್ಯೋಗ ಅಡಗಿದೆ.

ಈ ಸಾಥ್ ಎಂದರೇನು? ಗಾಯಕರು ಹಾಡಿದ್ದನ್ನೇ ಹಿಂದಿನಿಂದ ಬಾರಿಸುವುದು, ಅಷ್ಟೇ ತಾನೇ ಎಂದು ನಾನೂ ಬಹುಕಾಲ ತಿಳಿದಿದ್ದೆ. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಹಾಗೆಯೇ ಅಂದುಬಿಟ್ಟೆ. ಮಾಮಾ ಸಿಟ್ಟಾಗಲಿಲ್ಲ. “ಹಾಡವ್ರು ಮುಂದಿನ ಕ್ಷಣಕ್ಕ ಎಲ್ಲಿ ಹೋಗತಾರಂತ ಎಷ್ಟೋ ಸಲ ಅವರಿಗೂ ಗೊತ್ತಿರೂದಿಲ್ಲ. ನಾವು ಬೆನ್ನ ಹಿಂದ ಹೋಗಬೇಕು, ಆದ್ರ ಹೆಜ್ಜಿ ಸಪ್ಪಳಾ ಆಗಬಾರದು ತಮ್ಮಾ” ಎಂದರು. ನಮ್ಮ ಹಿಂದುಸ್ತಾನಿ ಪದ್ಧತಿಯಲ್ಲಿ ಬರೆದಿಟ್ಟ ಸ್ವರಲಿಪಿಯನ್ನು ಎದುರಿಗೆ ಹರಡಿಕೊಂಡು ಯಾರೂ ಹಾಡುವುದಿಲ್ಲ. ಗಾಯಕರಿಗೂ ಸಾಥಿದಾರರಿಗೂ ಮುಂಚಿತವಾಗಿ ತಾಲೀಮು ನಡೆಯುವುದೂ ಅಪರೂಪ. ಎಷ್ಟೋ ಸಲ ಇಬ್ಬರೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ವೇದಿಕೆಯ ಹಿಂದೆ, ಚಹಾ ಕುಡಿಯುವಾಗ. ‘ಯಾವ ಪಟ್ಟಿ?’ ಎಂದು ಒಂದು ಪ್ರಶ್ನೆ, ‘ಕರಿ ಒಂದು’ ಎಂದು ಒಂದು ಉತ್ತರ. ರಾಗ ಯಾವುದೆಂಬುದು ಕೆಲವೊಮ್ಮೆ ತಂಬೂರಿ ಕೂಡಿಸುವಾಗ ತಿಳಿಯುತ್ತದೆ. ಕೆಲವೊಮ್ಮೆ ಮೊದಲ ಆಲಾಪ ಹೊರಟಾಗಲೇ ತಿಳಿಯುತ್ತದೆ.

ಅಲ್ಲಿಂದ ಮುಂದೆ ಪೇಟಿಯವನದು ಒಂದು ವಿಚಿತ್ರವಾದ ಕೆಲಸ. ಗಾಯಕ ಮುಟ್ಟಿದ ಸ್ವರವನ್ನು ಕೂದಲೆಳೆಯಷ್ಟು ತಡವಾಗಿ ಅವನು ಮುಟ್ಟಬೇಕು. ಹೆಚ್ಚು ತಡವಾದರೆ ಪ್ರತಿಧ್ವನಿಯಂತೆ ಕೇಳಿ ರಸಭಂಗವಾಗುತ್ತದೆ. ಮುಂದೆ ನುಗ್ಗಿದರೆ ಗಾಯಕನ ಬಾಯೊಳಗಿನ ಮಾತನ್ನು ಕಸಿದಂತಾಗುತ್ತದೆ. ಗಾಯಕ ಉಸಿರು ತೆಗೆದುಕೊಳ್ಳುವ ಕ್ಷಣದಲ್ಲಿ ಸ್ವರದ ಎಳೆ ಕಡಿಯದಂತೆ ಹಿಡಿದು ನಿಲ್ಲಬೇಕು. ಅವನು ಮರಳಿ ಬಾಯಿ ತೆರೆದೊಡನೆ ಹಿಂದಕ್ಕೆ ಸರಿಯಬೇಕು. ಪೇಟಿಯ ಪಟ್ಟಿಗಳೋ ನಿಂತ ಸ್ವರಗಳು. ಕಂಠದಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರವು. ಎಲ್ಲಿ ಮೀಂಡು ಬರುತ್ತದೆಯೋ ಅಲ್ಲಿ ತಾನು ಸುಮ್ಮನಿರಬೇಕು, ಅಥವಾ ತಿದಿಯ ಗಾಳಿಯನ್ನು ತಗ್ಗಿಸಿ ಆ ಕೊರತೆ ಕಿವಿಗೆ ಬೀಳದಂತೆ ಮಾಡಬೇಕು. ಏನು ಬಾರಿಸಬೇಕೆಂಬುದನ್ನು ಐದಾರು ವರ್ಷಗಳಲ್ಲಿ ಕಲಿಯಬಹುದಂತೆ; ಏನು ಬಾರಿಸಬಾರದೆಂಬುದನ್ನು ಕಲಿಯಲು ಅದರ ಮೂರರಷ್ಟು ವರ್ಷ ಬೇಕಂತೆ. ಇದು ಮಾಮಾನ ಲೆಕ್ಕ.

ತಬಲಾದವರ ಪಾಡು ಬೇರೆ ಬಗೆಯದು. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ ಅರ್ಧ ನಿಮಿಷಕ್ಕೂ ಮಿಗಿಲಾಗಿ ಹಿಡಿಯುವುದುಂಟು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಸಾಮಾನ್ಯರಿಗೆ ಬಯಲು ಕಂಡಂತಾಗುತ್ತದೆ. ಅಂಥ ನಡೆಯನ್ನು ಮುಕ್ಕಾಲು ತಾಸು, ಒಂದು ತಾಸು ಕೂದಲೆಳೆಯಷ್ಟೂ ಓಡದಂತೆ, ಕುಂಟದಂತೆ ಕಾಯ್ದುಕೊಂಡು ಹೋಗಬೇಕು. ಕೈಯಲ್ಲಿ ಎಷ್ಟೇ ಕಾಯಿದೆ, ರೇಲಾಗಳಿದ್ದರೂ ಆಗ ಅವನ್ನು ಹೊರತೆಗೆಯುವಂತಿಲ್ಲ. ದೊಡ್ಡ ಗಾಯಕರೂ ಒಮ್ಮೊಮ್ಮೆ ಸಮ್ ತಪ್ಪುತ್ತಾರೆ. ಆಗ ಒಳ್ಳೆಯ ತಬಲಾದವರು ಒಂದು ಬೋಲನ್ನು ಕೊಂಚ ಒತ್ತಿ ನುಡಿಸಿ ‘ಇಗೋ ದಾರಿ ಇಲ್ಲಿದೆ’ ಎಂದು ಸೂಚಿಸುತ್ತಾರೆ. ಗಾಯಕ ಮರಳಿ ದಾರಿಗೆ ಬರುತ್ತಾನೆ. ಸಭೆ ‘ವಾಹ್’ ಎನ್ನುತ್ತದೆ. ಆ ‘ವಾಹ್’ ಯಾರಿಗೆ ಸಂದಾಯವಾಯಿತೆಂದು ಹೇಳಬೇಕಾಗಿಲ್ಲ. ಗಾಯಕನ ತಪ್ಪನ್ನು ಸಾಥಿದಾರ ಮುಚ್ಚುತ್ತಾನೆ. ಸಾಥಿದಾರನ ತಪ್ಪನ್ನು ಮುಚ್ಚುವವರು ಯಾರೂ ಇಲ್ಲ.

ಇದು ವೇದಿಕೆಯ ಮೇಲಿನ ಮಾತಾಯಿತು. ವೇದಿಕೆಗೆ ಬರುವ ಮುಂಚಿನ ಕೆಲಸ ಇನ್ನೊಂದಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ತಬಲಾದ ತೊಗಲು ಹಸಿಯೇರಿ ಜೋತುಬೀಳುತ್ತದೆ. ಸುತ್ತಿಗೆಯಿಂದ ಎಷ್ಟು ಬಡಿದರೂ ಸ್ವರಕ್ಕೇರುವುದಿಲ್ಲ. ಪೇಟಿಯ ರೀಡುಗಳಿಗೆ ಧೂಳು, ತೇವ ಸೇರಿ ನಡುವೆಯೇ ಒಂದು ಸ್ವರ ಮೂಕವಾಗುತ್ತದೆ. ಮಾಮಾ ಶ್ರಾವಣದ ಭಜನೆಗಳಿಗೆ ಹೋಗುವಾಗ ಪೇಟಿಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಮೇಲೆ ಕಟ್ಟಲು ಕಂಡಕ್ಟರನಿಗೆ ಎಂದೂ ಕೊಡಲಿಲ್ಲ. ರಾತ್ರಿಯ ಕಚೇರಿ ಮುಗಿದ ಮೇಲೆ ಗಾಯಕರನ್ನು ಯಾರಾದರೂ ಗೃಹಸ್ಥರು ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಾರೆ. ಪೇಟಿಯವರು ನಿಲ್ದಾಣದ ಬೆಂಚಿನ ಮೇಲೆ ಬೆಳಗಿನ ಮೊದಲ ಬಸ್ಸಿನ ದಾರಿ ಕಾಯುತ್ತಾರೆ. ಅಳ್ನಾವರದ ರೈಲು ನಿಲ್ದಾಣದಲ್ಲಿ ಪೇಟಿಯನ್ನೇ ತಲೆದಿಂಬಾಗಿ ಮಾಡಿಕೊಂಡು ಮಾಮಾ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ.

ಇಷ್ಟೆಲ್ಲ ಮಾಡಿದರೂ ಬರೇ ಖ್ಯಾಲಿನ ಸಾಥ್ ನೆಚ್ಚಿ ಹೊಟ್ಟೆ ಹೊರೆಯಲಾಗುವುದಿಲ್ಲ. ಆದ್ದರಿಂದ ಸಾಥಿದಾರನು ಯಾವುದನ್ನೂ ಒಲ್ಲೆನೆನ್ನುವಂತಿಲ್ಲ. ಸೋಮವಾರ ಮಠದಲ್ಲಿ ವಚನಗಾಯನ, ಏಕಾದಶಿಗೆ ಅಭಂಗ, ಗಣೇಶ ಚೌತಿಯಲ್ಲಿ ದಾಸರ ಪದ ಮತ್ತು ಮರಾಠಿ ನಾಟ್ಯಗೀತೆ, ಉರುಸಿಗೆ ಕವ್ವಾಲಿ, ಜಾತ್ರೆಗೆ ಸಾಮಾಜಿಕ ನಾಟಕ. ನಾಟಕದಲ್ಲಿ ಪೇಟಿ ಮಾಸ್ತರನೇ ಸೂತ್ರಧಾರನೆಂದರೂ ಸಲ್ಲುತ್ತದೆ. ನಟ ಮಾತು ಮರೆತು ನಿಂತಾಗ ಹಾಡಿನ ಎತ್ತುಗಡೆ ಬಾರಿಸಿ ಅವನನ್ನು ಪಾರುಮಾಡುವವನು ಅವನು. ಪರದೆ ಸಿಕ್ಕಿಹಾಕಿಕೊಂಡಾಗ ಪ್ರೇಕ್ಷಕರನ್ನು ಹಿಡಿದಿಡುವವನೂ ಅವನೇ. ಇನ್ನು ಸಂಗೀತ ಪರೀಕ್ಷೆಗಳ ದಿನವಂತೂ ನೋಡುವಂತಿರುತ್ತದೆ. ಬೆಳಗಿನಿಂದ ಸಂಜೆಯ ತನಕ ಮೂವತ್ತು ನಾಲ್ವತ್ತು ಮಕ್ಕಳು ಸರದಿಯಂತೆ ಬಂದು ಅದೇ ಭೂಪ, ಅದೇ ಯಮನ್ ಹಾಡುತ್ತಾರೆ. ಹೆದರಿದ ಮಗು ಪಟ್ಟಿ ಬಿಟ್ಟು ಹಾಡತೊಡಗಿದರೆ ಪರೀಕ್ಷಕರ ಗಮನಕ್ಕೆ ಬರುವ ಮುನ್ನವೇ ಪೇಟಿಯವರು ಅದನ್ನು ಮೆಲ್ಲನೆ ಮರಳಿ ಕರೆತರಬೇಕು. ಎಷ್ಟು ಮಕ್ಕಳು ಹೀಗೆ ತೇರ್ಗಡೆಯಾಗಿವೆಯೋ ದೇವರಿಗೇ ಗೊತ್ತು.

ನಮ್ಮೂರ ಕುಸ್ತಿಯ ಕಣದಲ್ಲಿಯೂ ಈ ವರ್ಗದವರೊಬ್ಬರಿದ್ದಾರೆ: ಹಲಗಿ ಬಾರಿಸುವವರು. ಹಲಗಿಯ ಸದ್ದಿಲ್ಲದೆ ಜೋಡಿ ರಂಗೇರುವುದಿಲ್ಲವೆಂಬುದನ್ನು ಯಾವ ಪೈಲವಾನನೂ ಒಪ್ಪುತ್ತಾನೆ. ಗೆದ್ದವನಿಗೆ ಪಟಕಾ, ಗದೆ, ಹೂಮಾಲೆ. ಹಲಗಿಯವರಿಗೆ ಕಣದ ಅಂಚಿನಲ್ಲಿ ಯಾರಾದರೂ ಕೊಟ್ಟ ಹತ್ತಿಪ್ಪತ್ತು ರೂಪಾಯಿ. ಇದಕ್ಕೆ ವಿರುದ್ಧವಾದ ನೋಟವೂ ನಮ್ಮ ತಾಲೂಕಿನಲ್ಲಿಯೇ ಇದೆ. ಸಿದ್ದಿ ಜನರ ಡಮಾಮಿಯನ್ನು ನೋಡಿದವರು ಬಲ್ಲರು: ಅಲ್ಲಿ ವಾದ್ಯದವರು ಪಕ್ಕಕ್ಕಿಲ್ಲ; ಆ ಕುಣಿತಕ್ಕೆ ಹೆಸರೇ ವಾದ್ಯದ್ದು.

ಸಾಥಿದಾರರಿಗೆ ತಿಂಗಳ ಸಂಬಳವೆಂಬುದನ್ನು ತೋರಿಸಿದ ಸಂಸ್ಥೆಗಳು ಬಹಳ ಇಲ್ಲ. ಇದ್ದವುಗಳಲ್ಲಿ ಮುಖ್ಯವಾದದ್ದು ಆಕಾಶವಾಣಿ. ಧಾರವಾಡದ ನಿಲಯವು 1950ರ ಜನವರಿ 8ರಂದು ಪ್ರಾರಂಭವಾದಾಗ ಈ ಭಾಗದ ವಾದ್ಯಗಾರರಿಗೆ ಒಂದು ನೆರಳು ಸಿಕ್ಕಂತಾಯಿತು. ನಿಲಯದ ಕಲಾವಿದರೆಂದು ನೇಮಕಗೊಂಡವರು ಬೆಳಗ್ಗೆ ಭಕ್ತಿಗೀತೆಗೆ, ಮಧ್ಯಾಹ್ನ ಭಾವಗೀತೆಗೆ, ಸಂಜೆ ಶಾಸ್ತ್ರೀಯ ಗಾಯನಕ್ಕೆ, ನಡುವೆ ಬಾನುಲಿ ನಾಟಕಕ್ಕೆ ಬಾರಿಸಿ ತಿಂಗಳ ಕೊನೆಗೆ ಸಂಬಳ ತರುತ್ತಿದ್ದರು. ಆದರೆ ಪೇಟಿಯವರಿಗೆ ಆ ಬಾಗಿಲು ತೆರೆದಿರಲಿಲ್ಲ. ಹಾರ್ಮೋನಿಯಂ ವಿದೇಶದಿಂದ ಬಂದದ್ದು, ಅದರ ನಿಂತ ಸ್ವರಗಳು ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲವೆಂದು 1940ರಲ್ಲಿಯೇ ಆಕಾಶವಾಣಿಯು ಅದನ್ನು ನಿಷೇಧಿಸಿತ್ತು. ರವೀಂದ್ರನಾಥ ಠಾಕೂರರಂಥವರಿಗೂ ಈ ವಾದ್ಯ ಹಿಡಿಸುತ್ತಿರಲಿಲ್ಲ. 1971ರಲ್ಲಿ ಆ ನಿಷೇಧ ಸಡಿಲಾಗುವವರೆಗೆ, ಊರೂರಿನ ಕಚೇರಿಗಳಲ್ಲಿ ಗಾಯಕರಿಗೆ ಆಧಾರವಾಗಿದ್ದ ಪೇಟಿ ಅದೇ ಗಾಯಕರ ಬಾನುಲಿ ಕಾರ್ಯಕ್ರಮದಲ್ಲಿ ಬಾಗಿಲ ಹೊರಗೆ ಉಳಿಯಿತು. ಶ್ರುತಿಯ ವಾದದಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಅದು ಪಂಡಿತರ ಮಾತು. ಆದರೆ ವಾದ್ಯದ ದೋಷವನ್ನು ಕೈಚಳಕದಿಂದ ಮುಚ್ಚಿ ದುಡಿಯುತ್ತಿದ್ದ ಮನುಷ್ಯರ ಪಾಡೇನೆಂದು ಆ ಮೂವತ್ತೊಂದು ವರ್ಷಗಳಲ್ಲಿ ಕೇಳಿದವರು ಎಷ್ಟು ಜನ?

ಆ ಕಾಲದಲ್ಲಿಯೂ ಕೆಲವರು ಈ ವಾದ್ಯಕ್ಕೆ ಮಾನ ತಂದುಕೊಟ್ಟರು. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆನಿಂತ ರಾಮಭಾವು ಬಿಜಾಪುರೆಯವರ (1917–2010) ಹೆಸರನ್ನು ಇಲ್ಲಿ ಹೇಳಲೇಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರ ಕೈಗೆ ಪೇಟಿ, ತಬಲಾಗಳನ್ನಿತ್ತು ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದ್ದು ನಾಡಿಗೆಲ್ಲ ತಿಳಿದ ಸಂಗತಿ. ಇನ್ನೊಂದು ಹೆಸರು ಕೃಷ್ಣಾ ಹಾನಗಲ್ಲರದು. ತಾಯಿ ಗಂಗೂಬಾಯಿಯವರ ಹಿಂದೆ ಕುಳಿತು ದಶಕಗಳ ಕಾಲ ಅವರ ದನಿಗೆ ದನಿಗೂಡಿಸಿದ ಆಕೆ 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ, ತೀರಿಕೊಂಡರು. ಗಂಗೂಬಾಯಿಯವರ ಗಾಯನವನ್ನು ನಾವು ನೆನೆಯುವಾಗ ನಮ್ಮ ಕಿವಿಯಲ್ಲಿರುವ ದನಿ ಎಷ್ಟೋ ಸಲ ಇಬ್ಬರದು. ನೆನಪಿನಲ್ಲಿರುವ ಹೆಸರು ಮಾತ್ರ ಒಂದು.

ಕ್ಯಾಸೆಟ್ಟುಗಳ ಕಾಲ ಬಂದಾಗ ಸಾಥಿದಾರರಿಗೆ ಹೊಸದೊಂದು ದುಡಿಮೆ ಒದಗಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಭಕ್ತಿಗೀತೆ, ಜನಪದಗೀತೆಗಳ ಧ್ವನಿಮುದ್ರಣಕ್ಕೆಂದು ಮಾಮಾ ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ಮೊದಮೊದಲು ಗಾಯಕರು, ವಾದ್ಯದವರು ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ಬಾರಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಪಂಖಾದ ಸದ್ದು ಮುದ್ರಣಗೊಳ್ಳುತ್ತದೆಂದು ಅದನ್ನು ನಿಲ್ಲಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಎಂಟು ಹತ್ತು ಹಾಡು ಮುಗಿಸಬೇಕಾಗುತ್ತಿತ್ತು. ಹಾಡು ಅಲ್ಲಿಯೇ ಕಲಿಯಬೇಕು, ಅಲ್ಲಿಯೇ ಬಾರಿಸಬೇಕು, ಅಲ್ಲಿಯೇ ಮರೆಯಬೇಕು. ಎಷ್ಟೋ ಹಾಡುಗಳ ಆರಂಭದ ಎತ್ತುಗಡೆಯನ್ನು ಕಟ್ಟಿದವರು ವಾದ್ಯದವರೇ. “ಮಾಸ್ತರ, ಇಲ್ಲೊಂದು ಛಂದನ್ನ ಪೀಸ್ ಹಾಕ್ರಿ” ಎಂದರೆ ಮುಗಿಯಿತು. ಅವರು ಆ ಕ್ಷಣದಲ್ಲಿ ಹುಟ್ಟಿಸಿದ ನಾಲ್ಕು ಸಾಲಿನ ಸ್ವರವೇ ಮುಂದೆ ಆ ಹಾಡಿನ ಗುರುತಾಗುತ್ತಿತ್ತು. ಕ್ಯಾಸೆಟ್ಟಿನ ಮೇಲೆ ಗಾಯಕರ ಭಾವಚಿತ್ರ, ಸಾಹಿತ್ಯ ಬರೆದವರ ಹೆಸರು, ಸಂಗೀತ ನಿರ್ದೇಶಕರ ಹೆಸರು. ಪೇಟಿಯವರಿಗೆ ಸಂಜೆ ಒಂದು ಲಕೋಟೆ. ಮುಂದೆ ಒಬ್ಬೊಬ್ಬರದನ್ನು ಬೇರೆ ಬೇರೆಯಾಗಿ ಮುದ್ರಿಸುವ ಪದ್ಧತಿ ಬಂದಿತು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ತಾಳದ ಟಕಟಕ ಸದ್ದಿಗೆ ಕೈಕೊಟ್ಟು, ಮುಖ ಕಾಣದ ಗಾಯಕರಿಗೆ ಸಾಥ್ ಮಾಡಬೇಕು. ಆಮೇಲೆ ಕೀಬೋರ್ಡು ಬಂದಿತು; ಒಬ್ಬನೇ ಕುಳಿತು ಪೇಟಿ, ಕೊಳಲು, ಸಿತಾರುಗಳ ನಾದವನ್ನೆಲ್ಲ ತೆಗೆಯತೊಡಗಿದ. ಹುಬ್ಬಳ್ಳಿಯಿಂದ ಕರೆ ಬರುವುದು ನಿಂತಿತು.

ಇದು ನಮ್ಮ ನಾಡಿನ ಕಥೆಯೊಂದೇ ಅಲ್ಲ. ಜೋಯಿಡಾದ ಆಚೆಗಿರುವ ಗೋವೆಯಿಂದ ಮುಂಬಯಿಗೆ ಹೋದ ಎಷ್ಟೋ ಜನ ವಾದ್ಯಗಾರರು ಹಿಂದಿ ಚಲಚ್ಚಿತ್ರಗಳ ವಾದ್ಯವೃಂದಗಳನ್ನು ಹೊತ್ತು ನಿಂತರು. ಬರೆದ ಸ್ವರಲಿಪಿಯನ್ನು ಕಂಡೊಡನೆ ಬಾರಿಸಬಲ್ಲವರು ಅವರು. ಸಂಗೀತ ನಿರ್ದೇಶಕರು ಗುನುಗಿದ ಧಾಟಿಗೆ ಇಡೀ ವೃಂದದ ರೂಪ ಕೊಟ್ಟವರೂ ಅವರಲ್ಲಿದ್ದರು. ಅವರಲ್ಲೊಬ್ಬರಾದ ಆಂಥೋನಿ ಗೊನ್ಸಾಲ್ವಿಸ್ ಎಂಬ ಪಿಟೀಲು ವಿದ್ವಾಂಸರ ಹೆಸರು ದೇಶಕ್ಕೆಲ್ಲ ಪರಿಚಿತವಾದದ್ದು ಅವರ ಪಿಟೀಲಿನಿಂದಲ್ಲ; ಅವರ ಶಿಷ್ಯರಾದ ಪ್ಯಾರೇಲಾಲರು ಸಂಗೀತ ನೀಡಿದ 1977ರ ‘ಅಮರ್ ಅಕ್ಬರ್ ಆಂಥೋನಿ’ ಚಿತ್ರದ ಹಾಸ್ಯಗೀತೆಯೊಂದರಿಂದ! ಅಮೇರಿಕೆಯ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ದುಡಿದ ಒಂದು ವಾದ್ಯಗಾರರ ಗುಂಪಿನ ಹೆಸರುಗಳು ಆ ಸಂಸ್ಥೆಯ ದೊಡ್ಡ ಧ್ವನಿಮುದ್ರಿಕೆಯೊಂದರ ಹೊದಿಕೆಯ ಮೇಲೆ ಮೊದಲು ಕಾಣಿಸಿಕೊಂಡದ್ದು 1971ರಲ್ಲಿ. ಅಷ್ಟರಲ್ಲಿ ಅವರು ಬಾರಿಸಿದ ಎಷ್ಟೋ ಹಾಡುಗಳು ಜಗತ್ತನ್ನೆಲ್ಲ ಸುತ್ತಿಬಂದಿದ್ದವು. ಅವರ ಕಥೆ ಲೋಕಕ್ಕೆ ಸರಿಯಾಗಿ ತಿಳಿದದ್ದು 2002ರ ಒಂದು ಸಾಕ್ಷ್ಯಚಿತ್ರದಿಂದ. ಪಕ್ಕದಲ್ಲಿ ಕುಳಿತವರ ಅದೃಷ್ಟ ಎಲ್ಲ ಕಡೆಗೂ ಹೆಚ್ಚು ಕಡಿಮೆ ಒಂದೇ ತೆರನಾಗಿದೆ.

ಈಗ ನನ್ನ ಅಪರಾಧದ ವಿಷಯಕ್ಕೆ ಬರುತ್ತೇನೆ.

ಮಾಮಾನ ಬಲಗೈಯ ಬೆರಳುಗಳು ಈಗ ನಾಲ್ಕು ವರ್ಷದಿಂದ ನಡುಗುತ್ತಿವೆ. ಬಾರಿಸುವುದು ನಿಂತಿದೆ, ಆದಾಯವೂ ನಿಂತಿದೆ. ಕಷ್ಟದಲ್ಲಿರುವ ವಯೋವೃದ್ಧ ಕಲಾವಿದರಿಗೆ ಸರಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕೋಣವೆಂದು ನಾನೇ ಒತ್ತಾಯ ಮಾಡಿದೆ. ಅರ್ಜಿ ಬರೆದವನೂ ನಾನೇ. ಕೆಲವು ತಿಂಗಳ ಬಳಿಕ ಅದು ಮರಳಿ ಬಂದಿತು. ಕಲಾಸೇವೆ ಮಾಡಿದ್ದಕ್ಕೆ ದಾಖಲೆಗಳನ್ನು ಒದಗಿಸಬೇಕು. ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ, ಪ್ರಮಾಣಪತ್ರ ಏನಾದರೂ ಆದೀತು ಎಂದು ತಿಳಿಸಿದ್ದರು. ಕೇಳಿದ್ದರಲ್ಲಿ ಅನ್ಯಾಯವೇನಿಲ್ಲ. ದಾಖಲೆಯಿಲ್ಲದೆ ಸರಕಾರದ ಹಣ ಕೊಡುವುದಾದರೂ ಹೇಗೆ?

ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಕೆಳಗಿಳಿಸಿ ನಾವಿಬ್ಬರೂ ಹುಡುಕಲು ಕುಳಿತೆವು. ಆಮಂತ್ರಣ ಪತ್ರಿಕೆಗಳು ಬೇಕಾದಷ್ಟಿದ್ದವು. ಮಾಮಾ ಒಂದನ್ನೂ ಎಸೆದಿರಲಿಲ್ಲ. ಒಂದೊಂದನ್ನೇ ತೆರೆದು ನೋಡುತ್ತ ಹೋದೆ. ಅಧ್ಯಕ್ಷರ ಹೆಸರಿತ್ತು, ಉದ್ಘಾಟಕರ ಹೆಸರಿತ್ತು, ಸಾನ್ನಿಧ್ಯ ವಹಿಸುವವರ ಹೆಸರಿತ್ತು. ಪ್ರಾರ್ಥನೆ ಹೇಳುವ ಹುಡುಗಿಯರ ಹೆಸರಿತ್ತು, ವಂದನಾರ್ಪಣೆ ಮಾಡುವವರ ಹೆಸರಿತ್ತು. ಮಂಟಪ ಹಾಕಿದ ಅಂಗಡಿಯವರ ಹೆಸರೂ ಒಂದೆರಡು ಕಡೆ ಇತ್ತು. ಪೇಟಿಯವರ ಹೆಸರು ಮಾತ್ರ ಇರಲಿಲ್ಲ. ಕೆಲವದರಲ್ಲಿ ‘ಗಾಯನ: ಇಂಥವರಿಂದ ಮತ್ತು ಸಂಗಡಿಗರಿಂದ’ ಎಂದಿತ್ತು. ಐವತ್ತು ವರ್ಷಗಳ ದುಡಿಮೆ ‘ಸಂಗಡಿಗರು’ ಎಂಬ ಒಂದು ಪದದೊಳಗೆ ಹುದುಗಿಹೋಗಿತ್ತು.

ಆ ರಾಶಿಯಲ್ಲಿ ಆರು ಆಮಂತ್ರಣಗಳು ನಮ್ಮ ಕಾಲೇಜಿನವು. ಅವುಗಳ ಒಕ್ಕಣೆ ನನ್ನದು. ಕನ್ನಡ ವಿಭಾಗದವನೆಂದು ಪ್ರತಿ ವರ್ಷ ಅದನ್ನು ನನ್ನ ಪಾಲಿಗೆ ಹಚ್ಚುತ್ತಾರೆ. ಒಂದು ಅಕ್ಷರ ತಪ್ಪಾಗದಂತೆ ಕರಡು ತಿದ್ದುವುದು ನನ್ನ ಹೆಮ್ಮೆ. ಆ ಆರರಲ್ಲಿಯೂ ಪೇಟಿಗೆ ಕುಳಿತವರು ಮಾಮಾ. ಆರರಲ್ಲಿಯೂ ಅವರ ಹೆಸರಿಲ್ಲ. ಜಾಗ ಸಾಲಲಿಲ್ಲವೆಂದೋ, ಮನೆಯವರೇ ಅಲ್ಲವೇ, ಏನೂ ಅಂದುಕೊಳ್ಳುವುದಿಲ್ಲವೆಂದೋ ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಬಿಟ್ಟಿದ್ದೇನೆಂಬುದೇ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಮಾಮಾ ಅವನ್ನೂ ಜೋಪಾನವಾಗಿ ಇಟ್ಟಿದ್ದರು. ನನ್ನ ಮುಖ ನೋಡಿ, “ಇರಲಿ ಬಿಡೋ, ಆವಾಗ ಯಾರೂ ಹಾಕತಿದ್ದಿಲ್ಲ” ಎಂದರು. ಆ ಸಮಾಧಾನದ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಟ್ರಂಕಿನ ಅಡಿಯಲ್ಲಿ ಒಂದು ದಪ್ಪ ನೋಟುಬುಕ್ಕು ಸಿಕ್ಕಿತು. ಪುಟಪುಟದಲ್ಲಿಯೂ ಗಾಯಕರ ಹೆಸರು, ಅವರ ಪಟ್ಟಿ, ಊರು, ತಾರೀಖು. ಯಾರಿಗೆ ಯಾವ ರಾಗದಲ್ಲಿ ಯಾವ ಸ್ವರವನ್ನು ಸ್ವಲ್ಪ ತಗ್ಗಿಸಿ ಹಿಡಿಯುವ ರೂಢಿ, ಯಾರಿಗೆ ಪೇಟಿ ಜೋರಾಗಿ ಬೇಕು, ಯಾರಿಗೆ ಬೇಡ ಎಂಬ ಟಿಪ್ಪಣಿಗಳು. ಹಾಡುವವರ ಸಲುವಾಗಿ ಇಷ್ಟನ್ನು ಬರೆದಿಟ್ಟ ಮನುಷ್ಯನ ವಿಷಯವಾಗಿ ಹಾಡುವವರ ಕಡೆಯಿಂದಾಗಲಿ, ಕರೆಸಿದವರ ಕಡೆಯಿಂದಾಗಲಿ ಬರೆದ ಒಂದು ಸಾಲು ಆ ಟ್ರಂಕಿನಲ್ಲಿರಲಿಲ್ಲ. ನೋಟುಬುಕ್ಕನ್ನು ಕಚೇರಿಗೆ ಒಯ್ದು ತೋರಿಸಿದೆ. ಅಲ್ಲಿದ್ದವರು ಕುತೂಹಲದಿಂದ ತಿರುವಿಹಾಕಿ, “ಇದು ಅವರೇ ಬರಕೊಂಡದ್ದಲ್ಲೇನ್ರಿ ಸರ್” ಎಂದು ಸೌಜನ್ಯದಿಂದಲೇ ಹಿಂದಿರುಗಿಸಿದರು.

‘ಪಕ್ಕವಾದ್ಯದವನ ಧರ್ಮವೇ ತನ್ನನ್ನು ಮರೆಸಿಕೊಳ್ಳುವುದು, ಹೆಸರಿನ ಆಸೆಯಿದ್ದವನು ಒಂಟಿಯಾಗಿ ಬಾರಿಸಲಿ’ ಎಂದು ಕೆಲವು ರಸಿಕರು ಹೇಳುವುದನ್ನು ಕೇಳಿದ್ದೇನೆ. ಕೇಳಲು ಗಂಭೀರವಾದ ಮಾತು. ಆದರೆ ಇದರಲ್ಲಿ ಎರಡು ಬೇರೆ ಸಂಗತಿಗಳನ್ನು ಕಲಸಿದ್ದಾರೆ. ನಾದದಲ್ಲಿ ತನ್ನನ್ನು ಮರೆಸಿಕೊಳ್ಳುವುದು ಸಾಥಿದಾರನ ಕಲೆ. ಅದನ್ನು ಅವನು ತಾನಾಗಿ ಸಾಧಿಸುತ್ತಾನೆ. ಕಾಗದದ ಮೇಲೆ ಅವನನ್ನು ಮರೆಯುವುದು ನಮ್ಮ ಅಲಕ್ಷ್ಯ. ಅದನ್ನು ಅವನ ಧರ್ಮವೆಂದು ಕರೆಯುವುದು ಜಾಣತನ. ನಾನು ವ್ಯಾಕರಣ ಪಾಠ ಹೇಳುವವನು. ವಿಭಕ್ತಿ ಪ್ರತ್ಯಯಕ್ಕೆ ಸ್ವತಂತ್ರವಾದ ಅರ್ಥವಿಲ್ಲ, ನಾಮಪದವನ್ನು ಆಶ್ರಯಿಸಿಯೇ ಅದು ಬಾಳುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೂ ಕೇಶಿರಾಜನು ಅದನ್ನು ‘ಇತ್ಯಾದಿ’ ಎಂದು ತಳ್ಳಿಹಾಕಲಿಲ್ಲ. ಒಂದೊಂದನ್ನೂ ಹೆಸರಿಸಿ ವಿಧಿಸಿದ. ಅದಿಲ್ಲದೆ ವಾಕ್ಯ ನಿಲ್ಲದೆಂಬುದನ್ನು ಅವನು ಬಲ್ಲ.

ಹೆಸರು ಬರೆಯುವುದು ಪಾಶ್ಚಾತ್ಯರಿಂದ ಬಂದ ಅಹಂಕಾರವೆಂದು ಹೇಳುವವರು ಬೇಲೂರಿಗೆ ಹೋಗಿ ಬರಲಿ. ಅಲ್ಲಿಯ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಇಂದಿಗೂ ಇವೆ. ಮಲ್ಲಿತಮ್ಮನೆಂಬ ಶಿಲ್ಪಿ ಹೊಯ್ಸಳರ ಹಲವು ಗುಡಿಗಳಲ್ಲಿ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಗುಡಿ ಕಟ್ಟಿಸಿದ ಅರಸನಿಗೆ ಅದರಿಂದ ಕೊರತೆಯಾಗಲಿಲ್ಲ, ದೇವರಿಗೂ ಆಗಲಿಲ್ಲ. ಓಲೆಗರಿಯ ಮೇಲೆ ಕಾವ್ಯವನ್ನು ಪ್ರತಿಮಾಡಿದ ಲಿಪಿಕಾರರೂ ಕೊನೆಯಲ್ಲಿ ತಮ್ಮ ಹೆಸರನ್ನು, ತಿಥಿವಾರಗಳನ್ನು ಬರೆದು, ತಪ್ಪಿದ್ದರೆ ಮನ್ನಿಸಿರೆಂದು ಕೇಳಿಕೊಳ್ಳುತ್ತಿದ್ದುದುಂಟು. ಕನ್ನಡ ಸಂಸ್ಕೃತಿಗೆ ದುಡಿದವನ ಹೆಸರು ಹೇಳುವ ಸಂಕೋಚ ಎಂದೂ ಇರಲಿಲ್ಲ. ಆ ಸಂಕೋಚ ನಮ್ಮದು.

ಇದು ಬರೇ ಸೌಜನ್ಯದ ಪ್ರಶ್ನೆಯೂ ಅಲ್ಲ. ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಿಂದ ಹಾಡುವವರಿಗೂ ಬಾರಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಪ್ರಾಪ್ತವಾಯಿತು. 2012ರ ತಿದ್ದುಪಡಿ ಅದನ್ನು ಇನ್ನೂ ಬಲಪಡಿಸಿತು. ಆದರೆ ಅದೇ 2012ರಲ್ಲಿ ಒಂದು ಷರತ್ತೂ ಸೇರಿಕೊಂಡಿತು: ಚಲಚ್ಚಿತ್ರದಲ್ಲಿ ಯಾರ ಕೆಲಸ ಆಕಸ್ಮಿಕ ಇಲ್ಲವೆ ಪ್ರಾಸಂಗಿಕ ಸ್ವರೂಪದ್ದೋ, ಮತ್ತು ಆ ಉದ್ಯಮದ ವಾಡಿಕೆಯಂತೆ ಯಾರ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲವೋ, ಅಂಥವರು ಬಹುಮಟ್ಟಿಗೆ ಈ ಹಕ್ಕುಗಳಿಗೆ ಬಾಧ್ಯರಾದ ಕಲಾವಿದರೆನಿಸುವುದಿಲ್ಲ. ವಕೀಲರು ಇದಕ್ಕೆ ಏನು ವ್ಯಾಖ್ಯಾನ ಮಾಡುತ್ತಾರೋ ನಾನರಿಯೆ. ಕನ್ನಡದ ಅಧ್ಯಾಪಕನಿಗೆ ತಿಳಿಯುವ ಅರ್ಥ ಇಷ್ಟು: ಹೆಸರು ಹಾಕದಿರುವ ವಾಡಿಕೆಯೇ ಹಕ್ಕನ್ನು ಇಲ್ಲವಾಗಿಸುವ ಕಾರಣಗಳಲ್ಲಿ ಒಂದಾಗಬಲ್ಲದು. ಮುಂಬಯಿಯ ಚಿತ್ರದಲ್ಲಾದರೂ ಸರಿಯೆ, ಹಳಿಯಾಳದ ಆಮಂತ್ರಣದಲ್ಲಾದರೂ ಸರಿಯೆ, ಬಿಟ್ಟು ಹೋದ ಒಂದು ಹೆಸರು ಮುಂದೆಂದೋ ಒಬ್ಬ ಮನುಷ್ಯನ ಅನ್ನಕ್ಕೆ ಅಡ್ಡ ಬರುತ್ತದೆ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸುಧಾರಣೆಗಳನ್ನು ನಾನು ಸೂಚಿಸಲಾರೆ. ಮೂರು ಸಣ್ಣ ಕೆಲಸಗಳು ಸಾಕು. ಕಾರ್ಯಕ್ರಮ ನಡೆಸುವವರು ಆಮಂತ್ರಣದಲ್ಲಿ ಗಾಯಕರ ಹೆಸರಿನ ಕೆಳಗೆ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ತಬಲಾ ಮತ್ತು ಪೇಟಿಯವರ ಹೆಸರುಗಳನ್ನು ಅಚ್ಚುಹಾಕಿಸಲಿ. ಆ ಸಾಲಿಗೆ ಜಾಗ ಸಾಲದಿದ್ದರೆ ಅತಿಥಿಗಳ ಬಿರುದುಗಳಲ್ಲಿ ಒಂದೆರಡನ್ನು ಕಡಿಮೆ ಮಾಡಲಿ. ಎರಡನೆಯದು, ಸಾಥಿದಾರರ ಸಂಭಾವನೆಯನ್ನು ಗಾಯಕರ ಲಕೋಟೆಯೊಳಗೆ ಸೇರಿಸದೆ ಮುಂಚಿತವಾಗಿ ಗೊತ್ತುಪಡಿಸಿ, ರಸೀದಿ ಪಡೆದು ಪ್ರತ್ಯೇಕವಾಗಿ ಕೊಡಲಿ. ಆ ರಸೀದಿಯ ಒಂದು ಪ್ರತಿ ಅವರ ಕೈಯಲ್ಲಿರಲಿ. ಗಾಯಕರು ಉದಾರಿಗಳಾದರೆ ಸಾಥಿದಾರರು ಬದುಕಿದರು, ಇಲ್ಲವಾದರೆ ಇಲ್ಲ ಎಂಬ ಈಗಿನ ಸ್ಥಿತಿ ಯಾರಿಗೂ ಶೋಭೆಯಲ್ಲ. ಮೂರನೆಯದು ಪತ್ರಿಕೆಗಳಿಗೆ ವರದಿ ಬರೆಯುವ ನನ್ನಂಥವರ ಕೆಲಸ: ‘ತಬಲಾ, ಹಾರ್ಮೋನಿಯಂ ಸಾಥ್ ಸಮಯೋಚಿತವಾಗಿತ್ತು’ ಎಂಬ ಸವೆದ ವಾಕ್ಯವನ್ನು ಬಿಟ್ಟು, ಯಾರು ಬಾರಿಸಿದರು, ಹೇಗೆ ಬಾರಿಸಿದರು ಎಂದು ಎರಡು ಸಾಲು ಬರೆಯುವುದು. ಅದನ್ನು ಬರೆಯಬೇಕಾದರೆ ಕೇಳಬೇಕಾಗುತ್ತದೆ. ಕೇಳತೊಡಗಿದರೆ ಸಂಗೀತವೇ ಬೇರೊಂದಾಗಿ ಕಾಣುತ್ತದೆಂಬುದು ನನ್ನ ಈಚಿನ ಅನುಭವ.

ಈ ವರ್ಷದ ಕಾಲೇಜಿನ ಕಾರ್ಯಕ್ರಮಕ್ಕೆ ಪೇಟಿ ಬಾರಿಸಲು ಮಾಮಾ ತಮ್ಮ ಶಿಷ್ಯನೊಬ್ಬನನ್ನು ಕಳಿಸಿದ್ದರು. ಆಮಂತ್ರಣದಲ್ಲಿ ಅವನ ಹೆಸರನ್ನೂ ತಬಲಾದವರ ಹೆಸರನ್ನೂ ಹಾಕಿಸಿದೆ. ಶಿಷ್ಯನ ಹೆಸರಿನ ಮುಂದೆ ಇಂಥವರ ಶಿಷ್ಯ ಎಂದು ಮಾಮಾನ ಹೆಸರನ್ನೂ ಸೇರಿಸಿದೆ. ಪತ್ರಿಕೆಯನ್ನು ಒಯ್ದು ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಹೆಸರು ಬಂತು ನೋಡು, ಬೆರಳು ಹೋದ ಮ್ಯಾಲೆ” ಎಂದು ನಕ್ಕು, ಪತ್ರಿಕೆಯನ್ನು ಟ್ರಂಕಿನಲ್ಲಿಡದೆ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ಅರ್ಜಿಯನ್ನು ಎರಡನೆಯ ಸಲ ಕಳಿಸಿದ್ದೇವೆ. ಈ ಸಲ ಅದರೊಂದಿಗೆ ನನ್ನದೊಂದು ಹೇಳಿಕೆಯಿದೆ. ಇಂತಿಂಥ ವರ್ಷಗಳಲ್ಲಿ ನಾನು ಅಚ್ಚುಹಾಕಿಸಿದ ಆರು ಆಮಂತ್ರಣಗಳಲ್ಲಿ ಇವರ ಹೆಸರು ಬಿಟ್ಟುಹೋಗಿರುವುದು ನನ್ನ ತಪ್ಪು, ಆ ಆರೂ ಕಾರ್ಯಕ್ರಮಗಳಲ್ಲಿ ಪೇಟಿ ಬಾರಿಸಿದವರು ಇವರೇ, ನಾನು ಎದುರಿಗೆ ಕುಳಿತು ಕೇಳಿದ್ದೇನೆ ಎಂದು ಬರೆದು ಸಹಿ ಮಾಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.